ಪಾಲಯ್ಯನವರ ಕಾರಿನ ಡಬ್ಬ

ನಮ್ಮನೆಯವರ ಹೆಸರು ಪಾಲಯ್ಯ. ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಅಂಗಡಿಯಿಂದ ತಂದ ಯಾವ ವಸ್ತುವನ್ನೂ ತಂದ ಹಾಗೆ ಇಡುವ ಮನುಷ್ಯ ಅಲ್ಲ. ಸೈಕಲ್ಲಿಗೆ ಮೊಪೆಡ್ಡಿನ ಸೀಟು ಹಾಕಿದರು. ಗಾಳಿ ಜಾಸ್ತಿ ಬರಲಿ ಎಂದು ಫ್ಯಾನಿನ ರೆಕ್ಕೆ ಬಗ್ಗಿಸಿದರು. ಬಂದದ್ದು ಸದ್ದು. ಸತ್ತವರನ್ನು ಹೊಗಳಬೇಕಂತೆ. ಹೊಗಳಲು ಬೇರೆಯವರು ಇದ್ದಾರೆ.

ನನ್ನ ಅಣ್ಣ ಮರುಳಸಿದ್ದಪ್ಪ ಹೊಸಪೇಟೆಯಲ್ಲಿ ಅದಿರು ಲಾರಿಗಳ ಆಫೀಸಿನಲ್ಲಿ ಮ್ಯಾನೇಜರ್. ಲೆಕ್ಕ ಬರೆಯಲು ಅವನಿಗೆ ಒಳ್ಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅವನು ಅದರಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದ. ಮೀಸೆ ನರೆತ ಗಂಡಸು. ತೊಂಬತ್ತೆಂಟರಲ್ಲಿ ನಮ್ಮನೆಯವರು ಒಮ್ಮೆ ಅಲ್ಲಿಗೆ ಹೋಗಿ, ಆಡೋಣ ಎಂದು ಗುಂಡಿಗಳ ಮೇಲೆ ಕೈ ಇಟ್ಟರಂತೆ.

‘ಮುಟ್ಟಬ್ಯಾಡಪಾ. ಕೈಗೆ ಗ್ರೀಸ್ ಹತ್ತೈತೆ,’ ಎಂದನಂತೆ ಅಣ್ಣ.

ನನ್ನ ಮದುವೆಯ ಮಾತುಕತೆಯಲ್ಲೂ ಇದೇ ಕೈ ನೋಡಿ ಮೂಗು ಮುರಿದವನು ಅವನು. ಗ್ರೀಸಿನ ಆ ಮಾತು ಕೇಳಿದ ದಿನದಿಂದ ಇವರಿಗೆ ಒಂದೇ ಹಟ. ಆ ಆಟ ನಮ್ಮ ಮನೆಯಲ್ಲಿ ಓಡಬೇಕು, ಚಲೋ ಐತೆ ಎಂದು ಅಣ್ಣನ ಬಾಯಿಂದಲೇ ಅನ್ನಿಸಬೇಕು.

ಎರಡನೇ ಬೆಳೆ ಬಂದು ಮಿಲ್ಲು ನಿಲ್ಲದೆ ಓಡುತ್ತಿತ್ತು. ಕೈಯಲ್ಲಿ ಕಾಸಿತ್ತು. ಕಾಸಿದ್ದರೆ ಬುದ್ಧಿ ಇರಬೇಕೆಂದಿಲ್ಲ. ಇವರು ತಂದದ್ದು ಕಂಪನಿಯವರೇ ಜೋಡಿಸಿ ಮಾರುವ ಕಂಪ್ಯೂಟರ್ ಡಬ್ಬ, ಅಂಗಡಿಯಲ್ಲೇ ಅಗ್ಗದ್ದು. ಆಟ ಹಾಕಿದರೆ ಕಾರು ಕುಂಟುತ್ತಿತ್ತು. ರ‍್ಯಾಮ್ ಹೆಚ್ಚಿಸಿದರು. ಕುಂಟುವುದು ಸ್ವಲ್ಪ ಕಡಿಮೆಯಾಯಿತು. ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಅಂಗಡಿಯವನು ಹೇಳಿದ. ತಂದರು. ಅದನ್ನು ಹಾಕಿದ ಮೇಲೆ ಡಬ್ಬ ಆಡುತ್ತಾ ಆಡುತ್ತಾ ಆರಿಹೋಗತೊಡಗಿತು. ಒಳಗಿನ ಪವರ್ ಸಪ್ಲೈ ಸಣ್ಣದಂತೆ. ದೊಡ್ಡದು ತಂದರೆ ಅದು ಡಬ್ಬದಲ್ಲಿ ಹಿಡಿಸಲಿಲ್ಲ. ಹಿಂದಿನ ತಗಡನ್ನು ಹ್ಯಾಕ್ಸಾದಲ್ಲಿ ಕೊಯ್ದು, ಸಪ್ಲೈಯನ್ನು ಹೊರಗೇ ಕೂರಿಸಿ, ಮಿಲ್ಲಿನ ಹಳೇ ಬೆಲ್ಟಿನ ತುಂಡಿನಿಂದ ಬಿಗಿದರು. ಹೊಟ್ಟೆ ಕೊಯ್ಸಿಕೊಂಡ ಕುರಿಯ ಹಾಗೆ ಕಾಣುತ್ತಿತ್ತು.

ಮೊದಲೇ ಒಳ್ಳೆಯದು ತರಬಹುದಿತ್ತಲ್ಲ ಎಂದು ಕೇಳಿದೆ.

‘ಅದ್ರಾಗ ನನ್ನ ಕೈಗೆ ಏನ್ ಕೆಲಸ ಇರ್ತಿತ್ತು?’ ಎಂದರು.

ಆಯುಧಪೂಜೆಗೆ ಅಣ್ಣನನ್ನು ಕರೆದರು. ಮಿಲ್ಲಿನಲ್ಲಿ ಅವತ್ತು ಮೋಟರಿನ ಮುಚ್ಚಳ ಬಿಚ್ಚಿ, ದುಡಿಯುವ ಭಾಗಕ್ಕೇ ವಿಭೂತಿ ಕುಂಕುಮ ಹಚ್ಚುತ್ತಾರೆ. ಇವರು ಡಬ್ಬಕ್ಕೂ ಅದನ್ನೇ ಮಾಡಿದರು. ಕಾರ್ಡಿಗೆ ವಿಭೂತಿ, ಫ್ಯಾನಿಗೆ ಒಂದು ಹಿಡಿ ಕುಂಕುಮ, ಮೇಲೆ ಚೆಂಡುಹೂ. ಪೂಜೆ ಮಾಡಿದ್ದನ್ನು ಅವತ್ತು ಮುಟ್ಟುವಂತಿಲ್ಲ. ಅಷ್ಟು ದೊಡ್ಡ ಮಿಲ್ಲೇ ನಿಂತಿರುತ್ತದೆ. ಆದರೆ ಅಣ್ಣ ಸಂಜೆ ಬಸ್ಸಿಗೆ ಹೊರಡುವವನು. ಇವರಿಗೆ ತಡೆಯಲಾಗಲಿಲ್ಲ. ಸ್ವಿಚ್ ಹಾಕಿದರು.

ಫ್ಯಾನು ತಿರುಗಿತು. ಕುಂಕುಮ ಎದ್ದು ಅಣ್ಣನ ಬಿಳಿ ಅಂಗಿಗೆ ಬಿತ್ತು. ಹೂವಿನ ಎಸಳು ಒಳಗೆ ಸಿಕ್ಕಿ ಕರಕರ ಎಂದಿತು. ಪರದೆ ಕಪ್ಪಾಯಿತು.

ಅಣ್ಣ ಅಂಗಿ ಒದರಿಕೊಂಡ. ‘ಏನಪಾ ಪಾಲಯ್ಯ, ಕಾರು ತೋರಸ್ತೀನಂತ ಕರದು ಓಕುಳಿ ಆಡಿದ್ಯಲ್ಲ.’

ಇವರು ನಕ್ಕರು. ಆ ನಗು ನೋಡಿ ನನಗೆ ಇಬ್ಬರ ಮೇಲೂ ಹೇಸಿಗೆ ಬಂತು.

ಆಮೇಲೆ ದಿನಾ ಕೂತು, ನನ್ನ ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮ ತೆಗೆದರು. ಕೇಳಿ ತೆಗೆದುಕೊಂಡದ್ದಲ್ಲ. ದೀಪಾವಳಿಯ ಹೊತ್ತಿಗೆ ಕಾರು ಓಡಿತು. ಬೂತಿಗೆ ಹೋಗಿ ಅಣ್ಣನಿಗೆ ಮತ್ತೆ ಮತ್ತೆ ಫೋನು ಮಾಡಿದರು. ಬಿಡುವಿಲ್ಲ ಎಂದ. ಇವರು ಒಬ್ಬರೇ ಆಡಿದರು. ಸಂಕ್ರಾಂತಿಗೆ ಮುಂಚೆ, ಮಿಲ್ಲಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ಇವರ ದಿವಸದ ಊಟಕ್ಕೆ ಅಣ್ಣ ಬಂದ. ಅದಕ್ಕೆ ಬಿಡುವಿತ್ತು. ಉಂಡು, ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು, ಡಬ್ಬದ ಮುಂದೆ ಕುಳಿತ. ನಾನು ಒಳಗೆ ಹೆಂಗಸರ ನಡುವೆ ಇದ್ದೆ. ಕಾರಿನ ಸದ್ದು ಕೇಳಿತು. ಇವರೇ ಕೂತಿದ್ದಾರೆ ಅನ್ನಿಸಿತು. ಎದ್ದು ಬಂದು ನೋಡಿದೆ. ಕಾರು ಎಲ್ಲೂ ಕುಂಟಲಿಲ್ಲ.

‘ಚಲೋ ಓಡ್ತೈತಲ್ಲವಾ,’ ಎಂದ ಅಣ್ಣ, ನನ್ನ ಕಡೆ ತಿರುಗದೆ. ‘ನಮ್ಮ ಆಫೀಸಿನದಕ್ಕಿಂತ ಚಲೋ ಐತೆ. ನಿನಗೇನ್ ಮಾಡೋದೈತೆ ಇದು? ನಾನು ಒಯ್ತೀನಿ.’

ಆ ಮಾತಿಗೆ ಒಂದು ವರ್ಷ ಕಾದವರು ಗೋಡೆಯ ಮೇಲೆ ಫೋಟೋದಲ್ಲಿದ್ದರು. ಅಣ್ಣ ಒತ್ತಿದ ಗುಂಡಿಗಳ ಮೇಲೆಲ್ಲ ಬಿಳಿ ಬೆರಳಚ್ಚು.

ನಾನು ಪ್ಲಗ್ ಕಿತ್ತೆ.

‘ಮುಟ್ಟಬ್ಯಾಡಣ್ಣ,’ ಎಂದೆ. ‘ಕೈಗೆ ಸುಣ್ಣ ಹತ್ತೈತೆ.’