ಸಾರಿಸಲು ಬಾರದ ಮದುಮಗಳು

ಮದುವೆ ಗೊತ್ತಾದ ಹುಡುಗಿ ದಿನವಿಡೀ ಏನು ಯೋಚಿಸುತ್ತಾಳೆ ಎಂದು ಗಂಡಸರು ಒಮ್ಮೊಮ್ಮೆ ಕೇಳುವುದುಂಟು. ಸೀರೆ, ಬಳೆ, ಗಂಡ ಎಂದು ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನನ್ನ ಮದುವೆಗೆ ಮುಂಚಿನ ಎರಡು ತಿಂಗಳು ನಾನು ಹೆಚ್ಚಾಗಿ ಯೋಚಿಸಿದ್ದು ಸಗಣಿಯ ಬಗ್ಗೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಾಚುವ ವಯಸ್ಸು ದಾಟಿ ಎಷ್ಟೋ ಕಾಲವಾಯಿತು.

ನಾನು ಹುಟ್ಟಿದ್ದು ಶಹಾಬಾದಿನಲ್ಲಿ, ನಿಜಾಮರ ಕಾಲದಲ್ಲಿ. ನೆಲ ಅಗೆದರೆ ನಿಮ್ಮ ಊರಿನಲ್ಲಿ ಮಣ್ಣು ಸಿಗಬಹುದು. ನಮ್ಮಲ್ಲಿ ಕಲ್ಲು ಸಿಗುತ್ತದೆ, ಅದೂ ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರವಾಗಿ. ಆ ಹಾಸುಗಲ್ಲಿಗೆ ನಾವು ಪರಸಿ ಎನ್ನುತ್ತೇವೆ. ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಬಟ್ಟೆ ಒಗೆಯಲು ಪರಸಿ, ಹರಟೆ ಹೊಡೆಯುವ ಕಟ್ಟೆಗೆ ಪರಸಿ, ಉಪ್ಪಿನಕಾಯಿ ಗಡಿಗೆಯ ಬಾಯಿ ಮುಚ್ಚಲು ಒಡೆದ ಪರಸಿ. ಅಪ್ಪ ಕಲ್ಲಿನ ಖಣಿಯಲ್ಲಿ ಮೇಸ್ತ್ರಿಯಾದ್ದರಿಂದ ನಮ್ಮ ಮನೆಯಲ್ಲಿ ಕಲ್ಲಿಗೆ ಬರವಿರಲಿಲ್ಲ. ಬೆಳಿಗ್ಗೆ ಒಂದು ಕೊಡ ನೀರು ಸುರಿದು ಕಸಬರಿಗೆ ಎಳೆದರೆ ಮನೆ ಚೊಕ್ಕ. ಬೇಸಿಗೆಯ ಮಧ್ಯಾಹ್ನ ಅದೇ ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದರೆ ಯಾವ ರಾಜ್ಯವೂ ಬೇಡ. ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಹೆಂಡಿ, ಅಂದರೆ ಸಗಣಿ, ಕಲಸಿ ನೆಲ ಸಾರಿಸುವುದು ಎಲ್ಲಿಂದ ಬರಬೇಕು? ಅಂಗಳವನ್ನಾದರೂ ಸಾರಿಸಿರಬೇಕಲ್ಲ ಎನ್ನಬೇಡಿ. ಅಂಗಳಕ್ಕೂ ಪರಸಿಯೇ.

ನನ್ನನ್ನು ನೋಡಲು ಸೇಡಂನಿಂದ ಬಂದರು. ಹುಡುಗ ತಹಸೀಲು ಕಚೇರಿಯಲ್ಲಿ ಕಾರಕೂನ. ಉರ್ದು ಶಾಲೆಯಲ್ಲಿ ಓದಿದವರು, ಮುತ್ತು ಪೋಣಿಸಿದ ಹಾಗೆ ಉರ್ದು ಬರೆಯುತ್ತಾರೆ ಎಂದು ಸಂಬಂಧ ತಂದವರು ಹೊಗಳಿದರು. ನಾನು ಅವರನ್ನು ನೋಡಿದ್ದು ಮೊಣಕಾಲಿನವರೆಗೆ ಮಾತ್ರ, ಏಕೆಂದರೆ ತಲೆ ಎತ್ತಕೂಡದೆಂದು ಅವ್ವನ ಕಟ್ಟಪ್ಪಣೆಯಾಗಿತ್ತು. ಆ ಎರಡು ಪಾದಗಳು ಕಲ್ಲಿನ ತಂಪಿಗೆ ಬೆರಳು ಮುದುರಿಕೊಂಡು ಒಂದರ ಮೇಲೊಂದು ಹತ್ತಿ ಕೂತಿದ್ದವು. ಪಾಪ, ಕಲ್ಲಿನ ನೆಲ ರೂಢಿಯಿಲ್ಲದ ಪಾದಗಳು. ನನಗೆ ನಗು ಉಕ್ಕಿ ಬಂತು. ನಗುವಿನ ಹಿಂದೆಯೇ ಇನ್ನೂ ಏನೋ ಒಂದು ಬಂತು. ಅಲ್ಲೇ ಒಪ್ಪಿಬಿಟ್ಟೆ. ಮುಖದ ವಿಚಾರ ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ.

ಅವರ ತಾಯಿ ಗುರಮ್ಮನವರು ಮಾತ್ರ ಪಾದ ನೋಡುವವರಲ್ಲ. ಕುಳಿತವರೇ ಅಂಗೈಯಿಂದ ನೆಲವನ್ನು ಸವರಿದರು. ಧೂಳು ಹುಡುಕುತ್ತಿದ್ದಾರೆ ಎಂದು ಅವ್ವನ ಮುಖ ಬಿಗಿಯಿತು.

“ನಮ್ಮದು ಮಣ್ಣಿನ ನೆಲ ರಿ. ದಿನಾ ಸಾರಸಬೇಕು. ಹುಡುಗಿಗಿ ಬರ್ತದೇನ್ರಿ?” ಎಂದರು ಗುರಮ್ಮನವರು.

“ಬರ್ತದೇನು ಅಂತ ಕೇಳ್ತೀರಲ್ರಿ. ಸಾರಸೂದಂದ್ರ ಅಕಿಗಿ ಜೀವ ರಿ. ಮುಂಜಾನಿ ಕೈಗಿ ಹೆಂಡಿ ಹತ್ತಲಿಲ್ಲಂದ್ರ ಊಟ ಸೇರಂಗಿಲ್ಲ,” ಎಂದಳು ಅವ್ವ.

ನಾನು ತಲೆಯನ್ನು ಇನ್ನಷ್ಟು ತಗ್ಗಿಸಿದೆ. ಅದನ್ನು ಅವರು ವಿನಯ ಎಂದು ತಿಳಿದರು. ಗುರಮ್ಮನವರ ದನಿ ಯಾಕೋ ಸಪ್ಪಗಾಯಿತು. “ಹಂಗಾದ್ರ ಚೊಲೋ ಆತು ಬಿಡ್ರಿ. ನಮ್ಮ ಮನ್ಯಾಗ ಹೊಸ ಸೊಸಿ ಮೊದಲನೇ ಸೋಮವಾರ ನಾಕು ಮಂದಿ ಮುಂದ ದೇವರ ಮನಿ ಸಾರಸೂ ಪದ್ಧತಿ ಅದ,” ಎಂದು ಎದ್ದರು. ಸಂಬಂಧ ಕುದುರಿತು.

ಹೆಣ್ಣು ನೋಡುವ ಹೊತ್ತಿನ ಸುಳ್ಳುಗಳಿಗೂ ಒಂದು ಮರ್ಯಾದೆ ಇದೆ. ಹುಡುಗಿಯ ವಯಸ್ಸು ಒಂದೆರಡು ವರ್ಷ ಕಡಿಮೆ, ಹುಡುಗನ ಹೊಲ ಒಂದೆರಡು ಎಕರೆ ಹೆಚ್ಚು; ಇವನ್ನು ಎರಡೂ ಕಡೆಯವರು ತಿಳಿದೇ ನುಂಗಿಕೊಳ್ಳುತ್ತಾರೆ. ಅವ್ವ ಹೇಳಿದ್ದು ಆ ಜಾತಿಯ ಸುಳ್ಳಲ್ಲ, ನಾಲ್ಕು ಜನರೆದುರು ಪರೀಕ್ಷೆಗೆ ನಿಲ್ಲುವ ಸುಳ್ಳು. ಹಿಂದಿನ ಕಾಲದ ರಾಜಕುಮಾರರು ಬಿಲ್ಲು ಮುರಿದು ಹೆಣ್ಣು ಗೆಲ್ಲುತ್ತಿದ್ದರೆಂದು ಪುರಾಣ ಹೇಳುವವರು ಬಾಯಿತುಂಬ ಹೇಳುತ್ತಾರೆ. ಗೆದ್ದು ತಂದ ಹೆಣ್ಣಿಗೆ ಅತ್ತೆಯ ಮನೆಯಲ್ಲಿ ಯಾವ ಪರೀಕ್ಷೆ ಕಾದಿತ್ತೆಂದು ಮಾತ್ರ ಒಬ್ಬರೂ ಹೇಳಿದ್ದಿಲ್ಲ. ಬಿಲ್ಲು ಮುರಿಯುವುದಾದರೆ ಒಂದು ದಿನದ ಕೆಲಸ, ಸಾರಿಸುವುದು ದಿನಾ ಇದ್ದದ್ದೇ.

ನಾನು ತಪ್ಪಿದರೆ ಹೋಗುವುದು ಅವ್ವನ ಮಾತು. ನಮ್ಮ ಓಣಿಯಲ್ಲಿ ಎಂಥ ಜಗಳವಿದ್ದರೂ ಅವ್ವ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಅವಳು ಹೇಳಿದ್ದೆಂದರೆ ನಿಜವೆಂದೇ ಲೆಕ್ಕ. ಅಂಥವಳು ಮಗಳ ಮೇಲಿನ ಆಸೆಗೆ ಒಂದೇ ಒಂದು ಸಲ ಬಾಯಿ ಜಾರಿದ್ದಳು. ಬೀಗರ ಮನೆಯಲ್ಲಿ ಅವಳ ತಲೆ ತಗ್ಗುವುದನ್ನು ನೆನೆಸಿಕೊಂಡರೆ ನನ್ನ ನಗುವೆಲ್ಲ ಆರಿಹೋಗುತ್ತಿತ್ತು. ಆಮೇಲೆ ಆ ಪಾದಗಳು ನೆನಪಾಗಿ ಮತ್ತೆ ನಗು ಬರುತ್ತಿತ್ತು. ಹೀಗೆ ಅರ್ಧ ಹುಚ್ಚಿಯ ಹಾಗೆ ದಿನ ಕಳೆಯಿತು.

ಕೊನೆಗೆ ಅವ್ವ, ಮದುವೆಯ ಶಾವಿಗೆ ಮಾಡುವ ನೆಪ ಹೇಳಿ, ನನ್ನನ್ನು ತನ್ನ ತಂಗಿಯ ಊರು ಕುರಕುಂಟಾಕ್ಕೆ ಕಳಿಸಿದಳು. ಚಿಗವ್ವನದು ಮಣ್ಣಿನ ಮನೆ, ಕೊಟ್ಟಿಗೆ ತುಂಬ ದನ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಸೇಡಂ ಸ್ಟೇಶನ್ನು ಬಂದಾಗ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗಾಡಿ ನಿಂತಷ್ಟು ಹೊತ್ತೂ ಓಡಾಡುವವರ ಪಾದಗಳನ್ನೇ ಹುಡುಕಿದೆ. ನನಗಿದ್ದ ಗುರುತು ಅದೊಂದೇ. ಎಲ್ಲರೂ ಚಪ್ಪಲಿ, ಬೂಟು ಹಾಕಿಕೊಂಡು ತಿರುಗುತ್ತಿದ್ದರು.

ಸಾರಿಸುವುದು ಹೊರಗಿನಿಂದ ನೋಡುವಷ್ಟು ಸುಲಭವಲ್ಲ. ನೀರು ಹೆಚ್ಚಾದರೆ ನೆಲ ಕೆಸರು, ಕಡಿಮೆಯಾದರೆ ಒಣಗಿದ ಮೇಲೆ ಬಿರುಕು. ಬೆರಳು ಊರಿದರೆ ಕೋಳಿ ಕೆದರಿದ ಹಾಗೆ ಗೀರು ಬೀಳುತ್ತವೆ. “ಜರಾ ಹಗೂರ ಸವರು. ನೆಲ ನಿನಗೇನು ಮಾಡ್ಯಾದ? ಅದರ ಮ್ಯಾಲ ಸಿಟ್ಟು ತೀರಸ್ಕೋಬ್ಯಾಡ,” ಎನ್ನುತ್ತಿದ್ದಳು ಚಿಗವ್ವ. ಸಿಟ್ಟು ಎಲ್ಲಿಯದು? ಕೈ ನೆಲದ ಮೇಲಿದ್ದಾಗ ಮನಸ್ಸು ಬಳೆಗಾರನ ಮುಂದೆ ಕೂತಿರುತ್ತಿತ್ತು. ಹಸಿರು ಬಳೆಯ ನಡುವೆ ಒಂದೊಂದು ಕೆಂಪು ಇದ್ದರೆ ಹೇಗೆ? ಅವರು ಕಚೇರಿಯಿಂದ ಬಂದು ನಾನು ಸಾರಿಸಿದ ನೆಲದ ಮೇಲೆ ಹೆಜ್ಜೆ ಇಟ್ಟಾಗ ಆ ಬೆರಳುಗಳು ಮುದುರದೆ ಹಾಯಾಗಿ ಬಿಚ್ಚಿಕೊಳ್ಳುತ್ತವೆಯೇ? ಇಂಥ ಪ್ರಶ್ನೆಗಳ ನಡುವೆ ಸಗಣಿಯ ಬುಟ್ಟಿ ಎರಡು ಸಲ ಮಗುಚಿತು.

ಎಂಟನೆಯ ದಿನ ಚಿಗವ್ವ ಹೊಲಕ್ಕೆ ಬುತ್ತಿ ಒಯ್ಯುವಾಗ, “ಇವತ್ತು ಕಾಳಿನ ಕ್ವಾಣಿ ನೀನಾ ಒಬ್ಬಾಕಿ ಸಾರಸು,” ಎಂದು ಹೇಳಿ ಹೋದಳು. ಆ ಕೋಣೆಗೆ ಕಿಟಕಿಯಿಲ್ಲ, ಇದ್ದದ್ದು ಒಂದೇ ಬಾಗಿಲು. ನಾನು ಸೆರಗು ಸಿಕ್ಕಿಸಿ ಕುಳಿತೆ. ಕೈ ಅದ್ಭುತವಾಗಿ ಓಡಿತು. ಗೀರಿಲ್ಲ, ಗಂಟಿಲ್ಲ. ನನ್ನಷ್ಟಕ್ಕೆ ನಾನೇ ಹಾಡಿಕೊಳ್ಳುತ್ತ ಕೊನೆಯ ಮೂಲೆ ಮುಟ್ಟಿ ಎದ್ದು ನಿಂತು ತಿರುಗಿ ನೋಡಿದರೆ, ನನಗೂ ಬಾಗಿಲಿಗೂ ನಡುವೆ ಹಸಿ ನೆಲ ಹೊಳೆಯುತ್ತಿದೆ. ನಾನು ಹೊಸ್ತಿಲಿನಿಂದ ಒಳಕ್ಕೆ ಸಾರಿಸುತ್ತ ಬಂದಿದ್ದೆ. ಒಳಗಿನಿಂದ ಬಾಗಿಲಿನ ಕಡೆಗೆ ಹಿಂದೆ ಸರಿಯುತ್ತ ಬರಬೇಕೆಂದು ಚಿಗವ್ವ ಹೇಳಿಕೊಟ್ಟಿರಲಿಲ್ಲ. ಅವಳ ತಪ್ಪೇನಿದೆ? ಅನ್ನ ಬಾಯಿಗೆ ಇಡಬೇಕೆಂದು ಯಾರಾದರೂ ಹೇಳಿಕೊಡುತ್ತಾರೆಯೇ? ಮೊಣಕೈವರೆಗೆ ಸಗಣಿ ಮೆತ್ತಿಕೊಂಡು, ಎರಡು ಪಾದ ಹಿಡಿಸುವಷ್ಟು ಒಣ ಜಾಗದಲ್ಲಿ ಗೋಡೆಗೆ ಒರಗಿ ನಿಂತೆ. ನಡೆದು ಬಂದರೆ ಹೆಜ್ಜೆ ಮೂಡುತ್ತದೆ, ಮಾಡಿದ್ದೆಲ್ಲ ಹಾಳು. ಒಣಗುವವರೆಗೆ ಕಾಯುವುದೆಂದು ತೀರ್ಮಾನಿಸಿದೆ.

“ಮನ್ಯಾಗ ಯಾರದೀರಿ?” ಎಂದು ಯಾರೋ ಕೂಗಿದರು. ತಮ್ಮ ನೆಂಟರನ್ನು ಮದುವೆಗೆ ಕರೆಯಲು ಕುರಕುಂಟಾಕ್ಕೆ ಬಂದ ಗುರಮ್ಮನವರು, ಬೀಗತಿಯ ತಂಗಿ ಇದೇ ಊರಲ್ಲಿದ್ದಾಳಲ್ಲ, ಮಾತಾಡಿಸಿ ಹೋಗೋಣವೆಂದು ನುಗ್ಗಿದ್ದರು. ಕೋಣೆಯ ಬಾಗಿಲಿಗೇ ಬಂದು ನಿಂತರು.

“ಯವ್ವಾ, ನೀ ಶಾಬಾದದ ಹುಡುಗಿ ಅಲ್ಲೇನು? ಇಲ್ಲೇನ ಮಾಡ್ಲಿಕತ್ತಿ?”

“ಸಾರಸ್ಲಿಕತ್ತೀನ್ರಿ.”

“ಅದು ಕಾಣಸ್ತದ. ಮೂಲ್ಯಾಗ ಯಾಕ ನಿಂತಿ?”

“ಬಾಗಲದಿಂದ ಸುರು ಮಾಡೀನ್ರಿ.”

ಅವರು ನೆಲ ನೋಡಿದರು, ನನ್ನನ್ನು ನೋಡಿದರು, ಗೋಡೆ ಹಿಡಿದು ಮೆಲ್ಲಗೆ ಹೊಸ್ತಿಲಿನ ಆಚೆ ಕುಳಿತರು. “ಖರೇ ಹೇಳು. ನಿನಗ ಸಾರಸಾಕ ಬರಂಗಿಲ್ಲ, ಹೌದಲ್ಲೋ?”

ಮುಗಿಯಿತು ಅಂದುಕೊಂಡೆ. ಮದುವೆಯೂ ಮುಗಿಯಿತು, ಅವ್ವನ ಮಾನವೂ ಮುಗಿಯಿತು. ಅಳು ಬಂತು, ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಸಗಣಿ. “ಬರಂಗಿಲ್ರಿ. ನಮ್ಮವ್ವಗ ಏನೂ ಅನಬ್ಯಾಡ್ರಿ. ಲಗ್ನ ಆಗೂದ್ರಾಗ ಕಲೀತೀನಿ,” ಎಂದೆ.

ಗುರಮ್ಮನವರು ನಗತೊಡಗಿದರು. ಸೆರಗು ಬಾಯಿಗೆ ಇಟ್ಟುಕೊಂಡರೂ ನಿಲ್ಲದ ನಗು. “ಅಯ್ಯ ನನ್ನವ್ವ, ಇದನ್ನ ಅವತ್ತೇ ಹೇಳಬಾರದಿತ್ತಾ? ಸಾರಸಿ ಸಾರಸಿ ನನ್ನ ಮೊಳಕಾಲು ಹೋಗ್ಯಾವ. ಕಲ್ಲಿನ ಊರಿಂದ ಸೊಸಿ ತಂದ್ರ ಬೀಗರು ತಾವಾಗೇ ನಾಕು ಪರಸಿ ಹಾಕಸ್ಯಾರು ಅಂತ ಆಸಿ ಇಟ್ಕೊಂಡು ಬಂದಿದ್ದೆ. ನಿಮ್ಮ ಮನಿ ನೆಲಾ ಮುಟ್ಟಿ ನೋಡಿ ನನ್ನ ಜೀವಕ್ಕ ಭಾಳ ಹಿತ ಅನಿಸ್ತು. ನಿಮ್ಮವ್ವ ನೋಡಿದ್ರ, ಹುಡುಗಿಗಿ ಹೆಂಡಿ ಹತ್ತಲಿಲ್ಲಂದ್ರ ಊಟ ಸೇರಂಗಿಲ್ಲ ಅಂದ್ಲು. ಬಾಯಿ ಮುಚ್ಕೊಂಡು ಬಂದೆ.”

“ಕೇಳಬಹುದಿತ್ತಲ್ರಿ.”

“ಹೆಂಗ ಕೇಳ್ಲಿ? ಬೀಗರ ಕಡಿಂದ ಬೇಡಿ ಇಸ್ಕೊಂಡ್ಲು ಅಂತ ಸೇಡಂ ಮಂದಿ ಆಡ್ಕೋತಾರ. ಇಷ್ಟು ವರ್ಷ ಯಾರ ಮುಂದೂ ಕೈ ಚಾಚಿಲ್ಲ ನಾ. ಈ ಮಾತು ಯಾರಿಗೂ ಹೇಳಬ್ಯಾಡ. ಆಣಿ ಮಾಡು.”

ಮೂಲೆಯಿಂದಲೇ ಆಣೆ ಮಾಡಿದೆ. ನೆಲ ಒಣಗಲು ಇನ್ನೂ ಹೊತ್ತಿತ್ತು. ಧೈರ್ಯ ಬಂದು ಕೇಳಿಯೇಬಿಟ್ಟೆ: “ಅವರು ನೋಡಾಕ ಹೆಂಗದಾರ್ರಿ?”

“ಅವತ್ತು ನೋಡಿಲ್ಲೇನು?”

“ಮೊಳಕಾಲತನಾ ನೋಡೀನ್ರಿ.”

“ಉಳದದ್ದೂ ಹಂಗೇ ಅದ, ಸಾದಾ. ಆದ್ರ ಇತ್ತಿತ್ಲಾಗ ಕಚೇರಿಗಿ ಹೋಗೂ ಮುಂದ ಕನ್ನಡಿ ಬಿಟ್ಟು ಸರೀವಲ್ಲ. ಅಲ್ಲಿ ಇರೂದು ಮುದುಕ ಪೇಶಕಾರ ಒಬ್ಬ. ಯಾರಿಗಿ ತೋರಸ್ತಾನೋ ಏನೋ.”

ಆ ದಿನ ನೆಲ ಯಾವಾಗ ಒಣಗಿತೋ ನನಗೆ ನೆನಪಿಲ್ಲ.

ಶಹಾಬಾದಿಗೆ ಮರಳಿ ಅಪ್ಪನ ಮುಂದೆ ನಿಂತೆ. ಬೇರೆ ಹುಡುಗಿಯರು ಬಂಗಾರ ಕೇಳುತ್ತಾರೆ, ನಾನು ಕಲ್ಲು ಕೇಳಿದೆ: “ಸೇಡಂ ಮನಿಗಿ ಪರಸಿ ಹಾಕಸ್ರಿ ಅಪ್ಪಾ.” ಜೀವನವೆಲ್ಲ ಕಲ್ಲಿನಲ್ಲೇ ಕಳೆದ ಅಪ್ಪನಿಗೆ ಆದ ಸಂತೋಷ ಹೇಳತೀರದು. ಅವ್ವ ಮಾತ್ರ ನನ್ನನ್ನು ಅಡುಗೆಮನೆಗೆ ಎಳೆದು, “ಹುಚ್ಚಿ, ಕಲ್ಲು ಕಳಿಸಿದ್ರ ಗುಟ್ಟು ರಟ್ಟಾಗಂಗಿಲ್ಲೇನು?” ಎಂದು ಪಿಸುಗುಟ್ಟಿದಳು. ಆಣೆ ಮಾಡಿದವಳು ಏನು ಹೇಳಲಿ? ಸುಮ್ಮನೆ ಹಟ ಹಿಡಿದೆ. ಕಲ್ಲು ಮಾಲಗಾಡಿ ಹತ್ತಿ ನನಗಿಂತ ಮೊದಲೇ ಅತ್ತೆಯ ಮನೆ ಸೇರಿತು. ಪಡಸಾಲೆಗೆ, ಅಡುಗೆಮನೆಗೆ, ದೇವರ ಮನೆಗೂ ಹಾಸಾಯಿತು.

ಲಗ್ನ ಗಂಡಿನ ಮನೆಯಲ್ಲಿ. ಅರಿಶಿನ ಹಚ್ಚಿಸಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದೆ, ಸುತ್ತ ಊರಿನ ಹೆಂಗಸರು. ಅವರಲ್ಲೊಬ್ಬಳು ಎಲ್ಲರಿಗೂ ಕೇಳುವ ಹಾಗೆ, “ಇನ್ನ ಸೋಮವಾರ ಸೊಸಿ ಏನ ಸಾರಸ್ತಾಳ್ರಿ? ಬರೂದಿಲ್ಲ ಅಂತೇ ಕಲ್ಲು ಕಟ್ಕೊಂಡು ಬಂದಿರಬೇಕು,” ಎಂದಳು. ಎಲೆ ಅಡಿಕೆ ಹಂಚುತ್ತಿದ್ದ ಅವ್ವನ ಕೈ ನಿಂತಿತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು, ಆದರೆ ಕೆಳಗಿದ್ದದ್ದು ಅಪ್ಪನ ಕಲ್ಲು, ಸುಲಭಕ್ಕೆ ಬಾಯಿಬಿಡುವಂಥದ್ದಲ್ಲ.

ಗುರಮ್ಮನವರು ನಡುವೆ ಬಂದು ನಿಂತರು. “ಕಲ್ಲು ಬೇಡಿದಾಕಿ ನಾ. ಮೊಳಕಾಲು ನಡೀವಲ್ವು ಅಂತ ಬೀಗರಿಗಿ ಬಾಯಿಬಿಟ್ಟು ಕೇಳಿ ಹಾಕಸ್ಕೊಂಡೀನಿ. ಹುಡುಗಿ ಸಾರಸೂದು ಕುರಕುಂಟಾದಾಗ ನಾನಾ ಕಣ್ಣಾರೆ ನೋಡೀನಿ. ಅಂಥಾದ್ದು ಎಲ್ಲೂ ನೋಡಿಲ್ಲ. ಅಕಿ ಅವ್ವ ಹೇಳಿದ್ದು ಖರೇ ಅದ,” ಎಂದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರಮ್ಮ ಬೀಗರ ಹತ್ತಿರ ಬೇಡಿದಳಂತೆ ಎಂಬ ಮಾತು ಊಟದ ಪಂಕ್ತಿ ಏಳುವ ಮೊದಲೇ ಊರೆಲ್ಲ ಸುತ್ತಿತು. ಅವ್ವ ಮತ್ತೆ ಎಲೆ ಹಂಚತೊಡಗಿದಳು. ನನ್ನ ಹತ್ತಿರ ಬಂದು ಬಗ್ಗಿ, “ನೋಡಿದ್ಯಾ? ನಾ ಸುಮ್ನ ಹೇಳಿದ್ದಿಲ್ಲ,” ಎಂದಳು. ತನ್ನ ಸುಳ್ಳನ್ನು ತಾನೇ ನಂಬಿಕೊಂಡು ಅವಳು ಕೊನೆಯವರೆಗೂ ಸುಖವಾಗಿದ್ದಳು.

ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಎಲ್ಲ ಹುಡುಗಿಯರೂ ಕದ್ದು ಗಂಡನನ್ನು ನೋಡುತ್ತಾರಂತೆ. ನಾನು ನೋಡಿದ್ದು ಅತ್ತೆಯನ್ನು. ಆ ಮನೆಯಲ್ಲಿ ನಾನು ಮೊದಲು ಪ್ರೀತಿಸಿದ್ದು ಅವರನ್ನೇ. ಅವರ ಮಗನ ಸರದಿ ಆಮೇಲೆ ಬಂತು.