ಒಂದೇ ನಂಬರಿನ ಹಾಲು

ನಮ್ಮೂರಿನ ಹಾಲಿನ ಡೇರಿಯಲ್ಲಿ ಮಾಯಮ್ಮನದು ಅರವತ್ತೊಂದನೇ ನಂಬರು. ಡೇರಿಯಲ್ಲಿ ಷೇರು ಇರುವ ಪ್ರತಿಯೊಬ್ಬರಿಗೂ ಒಂದು ನಂಬರು ಇರುತ್ತದೆ. ಹಾಲು ಅಳೆದು ಆ ನಂಬರು ಒತ್ತಿದರೆ ದುಡ್ಡು ಅವರ ಬ್ಯಾಂಕಿನ ಖಾತೆಗೆ ಹೋಗುತ್ತದೆ, ಅಷ್ಟೆ. ಇದರಲ್ಲಿ ಒಂದು ಮನೆಯನ್ನು ಮುಳುಗಿಸುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಪುಟ್ಟರಾಜು. ಬೂಕನಕೆರೆಯಿಂದ ಸ್ವಲ್ಪ ಒಳಕ್ಕಿರುವ ನಮ್ಮೂರಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಇರಲಿ ಬಿಡಿ, ಮಾಯಮ್ಮನ ವಿಷಯ ಹೇಳುವಾಗ ಸಿಟ್ಟು ಬರದಿದ್ದರೆ ನಾನು ಅನ್ನ ತಿನ್ನುವವನೇ ಅಲ್ಲ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎನ್ನುವುದು ಮಿಲ್ಲಿನವನಿಗೆ ಗೊತ್ತಾಗದೆ ಇರದು. ಮಾಯಮ್ಮ ಬೀಸಿಸಲು ತರುತ್ತಿದ್ದದ್ದು ರೇಷನ್ ಅಂಗಡಿಯ ರಾಗಿ. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಚೀಲದ ಬಾಯಿ ಕಟ್ಟಿಕೊಂಡು ಬರುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ.

ನಾಗಮಂಗಲದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಹೊನ್ನಪ್ಪ ಪಾಂಡವಪುರದ ಸುತ್ತಿನ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಇಳಿಸುತ್ತಿದ್ದ. ಅವರ ಪಾಲಿಗೆ ಬಂದದ್ದು ಹತ್ತು ಗುಂಟೆ ಜಮೀನು. ಒಬ್ಬಳೇ ಮಗಳು ರಂಜಿತಳನ್ನು ತೊಣ್ಣೂರಿಗೆ ಕೊಟ್ಟಿದ್ದಾರೆ. ಊರಿಗೆ ಡೇರಿ ಬಂದಾಗ ಮಾಯಮ್ಮ ಕಿವಿಯ ವಾಲೆ ಮಾರಿ ಒಂದು ಕರು ತಂದಳು, ಷೇರನ್ನೂ ತೆಗೆದುಕೊಂಡಳು. ಆ ಕರುವಿನ ಸಂತತಿಯೇ ಈಗಿರುವ ಒಂದು ಹಸು.

ಷೇರು ಎಲ್ಲರಿಗೂ ಇರಲಿಲ್ಲ. ವಾರಗಿತ್ತಿ ಸಿದ್ದಲಿಂಗಮ್ಮನ ಮನೆಯಲ್ಲಿ ಎರಡು ಹಸು ಇದ್ದವು, ಆದರೆ ಗಂಡ ನಿಂಗರಾಜುವಿನ ಖಾತೆಗೆ ದುಡ್ಡು ಬಿದ್ದರೆ ಅದು ಮನೆ ಸೇರುವ ಮೊದಲೇ ಬಾರು ಸೇರುತ್ತಿತ್ತು. ಎದುರು ಮನೆಯ ಮುದುಕ ಚಲುವಯ್ಯನಿಗೆ ಬೆರಳ ಗೆರೆ ಸವೆದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಹಿಡಿಯುತ್ತಿರಲಿಲ್ಲ. ಇಬ್ಬರೂ ತಮ್ಮ ಹಾಲನ್ನು ಮಾಯಮ್ಮನ ನಂಬರಿಗೆ ಹಾಕಿದರು. ನಮ್ಮ ಕಡೆ ಇದು ಇದ್ದದ್ದೇ. ಡೇರಿಯ ಕಾನೂನಿಗೆ ಇದು ತಪ್ಪು, ಸೆಕ್ರೆಟ್ರಿಗೂ ಗೊತ್ತು, ಅವನು ಈ ಕಡೆ ನೋಡುವುದಿಲ್ಲ. ಹಾಲಿನ ಬಟವಾಡೆಯ ದಿನ ಮಾಯಮ್ಮ ಬ್ಯಾಂಕಿಗೆ ಹೋಗಿ ದುಡ್ಡು ತೆಗೆದು, ಸೆರಗಿನಲ್ಲಿ ಮೂರು ಗಂಟು ಹಾಕಿಕೊಂಡು ಬರುತ್ತಿದ್ದಳು. ಎರಡು ಗಂಟು ಬಿಚ್ಚಿ ಅವರವರ ಕೈಗೆ ಕೊಟ್ಟ ಮೇಲೇ ತನ್ನ ಮನೆಯ ಬಾಗಿಲು ತೆಗೆಯುವುದು. ಎಷ್ಟೋ ವರ್ಷ ಹೀಗೇ ನಡೆಯಿತು, ಒಂದು ದಿನವೂ ಒಂದು ಮಾತು ಬರಲಿಲ್ಲ.

ಹೋದ ವರ್ಷ ಹೊನ್ನಪ್ಪನಿಗೆ ಏದುಸಿರು ಶುರುವಾಯಿತು. ಮೊದಲು ಆಲೆಮನೆಯ ಹೊಗೆ ಅಂದುಕೊಂಡರು. ಕಾಲು ಬಾತಿತು. ಪೇಟೆಯ ಸರ್ಕಾರಿ ಆಸ್ಪತ್ರೆಯವರು ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ನೋಡಿ, ಹೃದಯದ ಒಂದು ಕವಾಟ ಕೆಟ್ಟಿದೆ, ಬದಲಾಯಿಸಬೇಕು, ಬಿಪಿಎಲ್ ಕಾರ್ಡಿದ್ದರೆ ಸರ್ಕಾರವೇ ಪೂರಾ ಕೊಡುತ್ತದೆ ಎಂದು ಆಪರೇಷನ್‌ಗೆ ದಿನವನ್ನೂ ಗೊತ್ತುಮಾಡಿದರು. ಮಾಯಮ್ಮ ಊರಿಗೆ ಬಂದವಳೇ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಪಟದ ಹಿಂದೆ ಮಡಗಿದಳು.

ಆ ತಿಂಗಳು ರೇಷನ್ ಕೊಡುವ ದಿನ ಅವಳು ಮಿಲ್ಲಿಗೆ ಖಾಲಿ ಚೀಲ ಹಿಡಿದು ಬಂದಳು. ಬೆಲ್ಟಿನ ಸದ್ದಿನಲ್ಲಿ ಅವಳು ಅಂದದ್ದು ನನಗೆ ಕೇಳಿಸಲಿಲ್ಲ. ಮೋಟಾರು ಆಫ್ ಮಾಡಿದೆ.

“ಬೀಸಾಕೆ ಏನೂ ಇಲ್ಲ ಕಣಪ್ಪ,” ಎಂದಳು. “ಎಬ್ಬೆಟ್ಟು ಒತ್ತುದ್ರೆ, ಕಾರ್ಡ್ನ ಎಪಿಎಲ್ ಮಾಡ್ಬುಟ್ಟವ್ರೆ ಅಂದ್ರು. ನಾವು ಬಡವ್ರಲ್ವಂತೆ.”

ಹೊನ್ನಪ್ಪ ಹಿಂದೆಯೇ ನಿಧಾನಕ್ಕೆ ಬಂದು ಮಿಲ್ಲಿನ ಜಗಲಿಯ ಮೇಲೆ ಕೂತ. ಮಾತಿಗೆ ಉಸಿರು ಸಾಲದಿದ್ದರೂ ತಮಾಷೆ ಬಿಡುವವನಲ್ಲ. “ಏನ್ಲಾ ಪುಟ್ಟ, ಸಾವ್ಕಾರ ಬಂದವ್ನೆ, ಎದ್ದು ನಿಂತ್ಕೊಳಕಾಗಲ್ವ?” ಎಂದ. ನಾನು ನಗಲಿಲ್ಲ. ಎಪಿಎಲ್ ಆದರೆ ಆಪರೇಷನ್ ಖರ್ಚಿನಲ್ಲಿ ಸರ್ಕಾರ ಕೊಡುವುದು ನೂರಕ್ಕೆ ಮೂವತ್ತು, ಉಳಿದದ್ದು ನಮ್ಮ ಕೈಯಿಂದ. ನನ್ನದು ಎಪಿಎಲ್ ಕಾರ್ಡು, ನನಗೆ ಗೊತ್ತು. ಹಸುವನ್ನೂ ಹತ್ತು ಗುಂಟೆಯನ್ನೂ ಮಾರಿದರೂ ಅವರಿಗೆ ಅದು ಹುಟ್ಟುವ ದುಡ್ಡಲ್ಲ.

ಮಾರನೇ ದಿನ ನಾನೇ ಮಾಯಮ್ಮನನ್ನು ಕರೆದುಕೊಂಡು ಪೇಟೆಯ ತಾಲ್ಲೂಕು ಕಚೇರಿಗೆ ಹೋದೆ. ಆಹಾರ ಶಾಖೆಯಲ್ಲಿ ಚಿಕ್ಕಸ್ವಾಮಿ ಎಂಬೊಬ್ಬ ಇನ್ಸ್‌ಪೆಕ್ಟರು. ಬೈಯಬೇಕೆಂದೇ ಹೋಗಿದ್ದೆ, ಆತ ಕುರ್ಚಿ ಎಳೆದು ಮಾಯಮ್ಮನನ್ನು ಕೂರಿಸಿದ್ದರಿಂದ ಬೈಗುಳ ಬಾಯಲ್ಲೇ ಉಳಿಯಿತು.

“ವರ್ಷದ ಆದಾಯ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಬಾರದು ಅಮ್ಮ,” ಎಂದರು ಕಂಪ್ಯೂಟರು ನೋಡುತ್ತ. “ನಿಮ್ಮ ಖಾತೆಗೆ ಹಾಲಿನ ದುಡ್ಡೇ ಒಂದೂ ಮುಕ್ಕಾಲು ಲಕ್ಷ ಬಂದಿದೆ.”

“ಅದು ನಂದೊಬ್ಬಳ್ದೇ ಅಲ್ಲ ಸ್ವಾಮಿ. ಮೂರು ಅಟ್ಟಿ ಆಲು ಅದು.”

“ಹಸುವಿಗೆ ಹಿಂಡಿ ಬೂಸ ಯಾರಪ್ಪ ಕೊಡ್ತಾರೆ ಸಾರ್?” ಎಂದು ನಾನು ಬಾಯಿ ಹಾಕಿದೆ. “ಹಸ ತಿಂದಿದ್ದನ್ನೂ ಆದಾಯ ಅಂತ ಲೆಕ್ಕ ಹಾಕ್ತೀರಲ್ಲ, ನ್ಯಾಯವಾ ಇದು?”

“ಕಂಪ್ಯೂಟರಿಗೆ ಬಂದ ದುಡ್ಡು ಮಾತ್ರ ಕಾಣುತ್ತೆ ರೀ, ಹೋದ ದುಡ್ಡು ಕಾಣಲ್ಲ,” ಎಂದರು ಚಿಕ್ಕಸ್ವಾಮಿ. ಆಮೇಲೆ ಮಾಯಮ್ಮನ ಕಡೆ ತಿರುಗಿ, “ಒಂದು ದಾರಿ ಇದೆ. ನಾನೇ ಊರಿಗೆ ಬಂದು ನೋಡ್ತೀನಿ. ಹಾಲು ತಮ್ಮದು ಅಂತ ಆ ಎರಡು ಮನೆಯವರು ನನ್ನೆದುರಿಗೆ ಹೇಳಿ ರುಜು ಹಾಕಲಿ. ನಿಮ್ಮ ಕಾರ್ಡು ವಾಪಸ್ ಬರೋ ಹಾಗೆ ಬರೀತೀನಿ. ಹಾಕ್ತಾರಾ?” ಎಂದು ಕೇಳಿದರು.

“ಆಕ್ದೆ ಏನ್ ಸ್ವಾಮಿ. ನಮ್ಮೋರೇಯ,” ಎಂದಳು ಮಾಯಮ್ಮ.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಎರಡು ಮೊಳ ಕಾಕಡ ಹೂವು ಕೊಂಡಳು. ಒಂದು ತನಗೆ, ಒಂದು ಸಿದ್ದಲಿಂಗಮ್ಮನಿಗೆ. ದಾರಿಯುದ್ದಕ್ಕೂ ಮಾತಾಡಿದಳು. ಆಪರೇಷನ್ ಆದ ಮೇಲೆ ಹೊನ್ನಪ್ಪನನ್ನು ಇನ್ನು ಆಲೆಮನೆಗೆ ಕಳಿಸುವುದಿಲ್ಲವಂತೆ, ಮನೆಯಲ್ಲೇ ಹಸು ನೋಡಿಕೊಂಡು ಇರಲಿ ಅಂತೆ. ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಸಿದ್ದಲಿಂಗಮ್ಮ ಹೂವು ತೆಗೆದುಕೊಂಡಳು. ರುಜುವಿನ ಮಾತು ಬಂದ ಕೂಡಲೇ ಹೂವನ್ನು ಜಗಲಿಯ ಮೇಲಿಟ್ಟು ಮಾಯಮ್ಮನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕ, ಬೇರೇನ್ ಕೇಳುದ್ರೂ ಕೊಟ್ಬುಡ್ತೀನಿ, ರುಜು ಒಂದ್ ಕೇಳ್ಬ್ಯಾಡ. ನಮ್ಮ ಅರ್ಪಿತ ಮಂಡ್ಯದಲ್ಲಿ ಸರ್ಕಾರಿ ಆಸ್ಟೆಲ್‌ನಲ್ಲಿ ಓದ್ತಾವ್ಳೆ. ಎರಡ್ ಅಸಿನ ಆಲು ನಂದು ಅಂತ ಬರ್ಕೊಟ್ರೆ, ಅವಳಪ್ಪನ ಕೂಲಿನೂ ಸೇರಿ ನಮ್ದೂ ಮಿತಿ ದಾಟೋಯ್ತದೆ. ಕಾರ್ಡೂ ಓಯ್ತದೆ, ಕೂಸಿನ ಓದೂ ನಿಂತೋಯ್ತದೆ. ಅವಳಪ್ಪನ್ನ ನೋಡಿದ್ದೀಯಲ್ಲ, ಅವನ್ಯಾಕೆ ಓದುಸ್ತಾನೆ?”

“ನಿಮ್ ಭಾವ ಸತ್ತೋಯ್ತರೆ ಕಣೆ,” ಎಂದಳು ಮಾಯಮ್ಮ, ಗಟ್ಟಿಯಾಗಿ ಅಲ್ಲ. ಸಿದ್ದಲಿಂಗಮ್ಮ ಅಳತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಸಂಜೆ ಹೋಗಿ ಅವಳ ಮನೆಯ ಮುಂದೆ ನಿಂತು ಕೂಗಾಡಿದೆ. ನಿನ್ನ ಗಂಡನ ಬಾಯಿಂದ ದುಡ್ಡು ಉಳಿಸಿಕೊಟ್ಟವಳು ಯಾರು, ಇಷ್ಟು ವರ್ಷ ಒಂದು ರೂಪಾಯಿ ಹೆಚ್ಚು ಕಮ್ಮಿ ಮಾಡಿದ್ದಾಳಾ, ನಾಚಿಕೆ ಆಗಲ್ವಾ ಎಂದೆಲ್ಲ ಅಂದೆ. ಅವಳು ಬಾಗಿಲಿಗೆ ಬಂದು, “ಮಿಲ್ಲು ಮಡಿಕ್ಕೊಂಡು ಮಾತಾಡ್ತೀಯ ಕಣಣ್ಣ ನೀನು. ನಿಂಗೆ ಕಳ್ಕೊಳಾಕೆ ಕಾರ್ಡಿಲ್ಲ,” ಎಂದಳು. ಇನ್ನಷ್ಟು ಸಿಟ್ಟಿನಲ್ಲಿ ಮನೆಗೆ ಬಂದೆ.

ಚಿಕ್ಕಸ್ವಾಮಿ ಬರುವೆನೆಂದ ದಿನ ಬಂದರು. ಸಂಜೆ ಹಾಲು ಕರೆಯುವ ಹೊತ್ತು. ಬೀದಿಯಲ್ಲಿ ಹತ್ತು ಜನ ಸೇರಿದ್ದರು, ಡೇರಿಯ ಸೆಕ್ರೆಟ್ರಿಯೂ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ. ಮೊದಲು ಚಲುವಯ್ಯನನ್ನು ಕೇಳಿದರು. ಅವನ ಊಟ ನಡೆಯುವುದೇ ಪೋಸ್ಟ್‌ಮ್ಯಾನ್ ತಂದುಕೊಡುವ ಮುದುಕರ ಪಿಂಚಣಿಯಲ್ಲಿ, ಹಾಲಿನ ಆದಾಯ ಕಂಡರೆ ಅದೂ ನಿಲ್ಲುತ್ತದೆ. “ನಂದೊಂದು ಅಸ, ಅದೂ ಬತ್ತೋಗದೆ ಬುದ್ಧಿ,” ಎಂದು ನೆಲ ನೋಡಿದ. ಸೆಕ್ರೆಟ್ರಿ, ನಮ್ಮಲ್ಲಿ ಅವರವರ ನಂಬರಿಗೆ ಅವರವರ ಹಾಲೇ, ಬೇರೆ ಹಾಕಿಸಿಕೊಳ್ಳುವುದೇ ಇಲ್ಲ ಎಂದ. ಹೊನ್ನಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದ.

ಕೊನೆಗೆ ಸಿದ್ದಲಿಂಗಮ್ಮನ ಸರದಿ. “ನಿಮ್ಮ ಹಸು ಎಷ್ಟು ಹಾಲು ಕೊಡ್ತವಮ್ಮ?” ಎಂದು ಕೇಳಿದರು.

“ಮನೆ ಕಾಪಿಗೆ ಆಯ್ತದೆ ಸ್ವಾಮಿ. ಡೇರಿಗೆ ಆಕೋವಷ್ಟು ಎಲ್ಲಿ?”

ಅವಳ ಹಿಂದೆ ಕೊಟ್ಟಿಗೆಯಲ್ಲಿ ಎರಡು ಹಸುವೂ ಕೆಚ್ಚಲು ಬಿಗಿದು, ಕರೆಯುವ ಹೊತ್ತು ಮೀರಿತೆಂದು ಅರಚುತ್ತಿದ್ದವು. ಒಂದರ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಚಿಕ್ಕಸ್ವಾಮಿ ಅದನ್ನು ನೋಡಿದರು, ನಾವೆಲ್ಲರೂ ನೋಡಿದೆವು.

“ಕಣ್ಣಿಗೆ ಕಾಣ್ತಾ ಅದೆಯಲ್ಲ ಸಾರ್, ಬರ್ಕಳಿ,” ಎಂದೆ.

“ಹಸು ರುಜು ಹಾಕಲ್ವಲ್ಲ ಪುಟ್ಟರಾಜು. ಹಾಲಿನವರಲ್ಲೇ ಒಬ್ಬರಾದ್ರೂ ಬಾಯಿ ಬಿಡಬೇಕು,” ಎಂದರು. ಯಾರೂ ಬಿಡಲಿಲ್ಲ. ಮಾಯಮ್ಮ ಅವರಿಗೆ ಕಾಫಿ ತಂದುಕೊಟ್ಟಳು. ಮುಂದಿನ ವರ್ಷ ಖಾತೆಗೆ ದುಡ್ಡು ಕಮ್ಮಿ ಬಂದರೆ ಮತ್ತೆ ಅರ್ಜಿ ಹಾಕಿ ಎಂದು ಹೇಳಿ ಅವರು ಹೊರಟುಹೋದರು.

ಮೈಸೂರಿನವರು ಕೊಟ್ಟ ದಿನ ಕಳೆದುಹೋಯಿತು. ರಂಜಿತ ಬಂದು ತನ್ನ ಸರ ಬಿಚ್ಚಿಕೊಟ್ಟಳು, ನಾನೂ ಕೈಲಾದಷ್ಟು ಹೊಂದಿಸಿದೆ, ಆದರೂ ಕಾಲು ಭಾಗವೂ ಆಗಲಿಲ್ಲ. ಹಸು ಮಾರಲು ಹೊನ್ನಪ್ಪ ಒಪ್ಪಲಿಲ್ಲ. “ನಾನಿಲ್ದಾಗ ಅವ್ಳ ಕೈಲಿ ಅದಾದ್ರೂ ಇರ್ಲಿ ಕಣ್ಲಾ,” ಎಂದ. ಮಾತ್ರೆಯಲ್ಲೇ ಕಾಲ ತಳ್ಳಿದರು. ಸಿದ್ದಲಿಂಗಮ್ಮನೂ ಚಲುವಯ್ಯನೂ ಮಾಯಮ್ಮನ ನಂಬರಿಗೆ ಹಾಲು ಹಾಕುವುದನ್ನು ಬಿಟ್ಟಿದ್ದರು; ಕಮ್ಮಿ ರೇಟಿಗೆ ಯಾವನೋ ವ್ಯಾನಿನವನಿಗೆ ಕೊಡುತ್ತಿದ್ದರು. ಮುಂದಿನ ವರ್ಷಕ್ಕಾದರೂ ಅಕ್ಕನ ಖಾತೆ ಇಳಿಯಲಿ ಎಂದೋ, ಮುಖ ತೋರಿಸಲು ಆಗದೆಯೋ, ನಾನು ಕೇಳಲಿಲ್ಲ. ನಾನಂತೂ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದೆ. ಮಾಯಮ್ಮ ಬಿಡಲಿಲ್ಲ.

ಮುಂದಿನ ವರ್ಷದ ತನಕ ಹೊನ್ನಪ್ಪ ಇರಲಿಲ್ಲ. ಕಾರ್ತಿಕದ ಚಳಿಯಲ್ಲಿ ಒಂದು ಬೆಳಿಗ್ಗೆ, ಮಾಯಮ್ಮ ಹಾಲು ಹಾಕಿ ಬರುವಷ್ಟರಲ್ಲಿ, ಜಗಲಿಯ ಮೇಲೆ ಗೋಡೆಗೆ ಒರಗಿದ್ದ ಹಾಗೇ ಹೋಗಿಬಿಟ್ಟಿದ್ದ. ಮಣ್ಣಿಗೆ ಊರೆಲ್ಲ ಬಂತು. ಸಿದ್ದಲಿಂಗಮ್ಮ ಹೆಣದ ಕಾಲ ಬಳಿ ಬಿದ್ದು ಎದೆ ಬಡಿದುಕೊಂಡಳು. ನನಗೆ ಅವಳನ್ನು ಎಳೆದು ಆಚೆ ಹಾಕುವಷ್ಟು ಸಿಟ್ಟು ಬಂದಿತ್ತು, ಹೆಂಡತಿ ತೋಳು ಹಿಡಿದುಕೊಂಡಳು. ಎತ್ತಿ ಕೂರಿಸಿ ನೀರು ಕುಡಿಸಿದವಳು ಮಾಯಮ್ಮನೇ.

ತಿಥಿಯಾದ ಮೇಲೆ ಗಂಡ ಸತ್ತವರಿಗೆ ಬರುವ ಪಿಂಚಣಿಯನ್ನು ವಿಚಾರಿಸಿದೆವು. ಅದಕ್ಕೂ ಆದಾಯದ ಮಿತಿ ಇದೆಯಂತೆ, ಇನ್ನೂ ಕೆಳಗಿನದು. ಕಂಪ್ಯೂಟರಿನಲ್ಲಿ ಹಳೇ ಹಾಲು ಹಾಗೇ ಇತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಮನೆಗೆ ಹಾಲು ತರಲು ಡೇರಿಗೆ ಹೋಗಿದ್ದೆ. ಮಾಯಮ್ಮ ತನ್ನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು, ಹಣೆ ಖಾಲಿ. ವ್ಯಾನಿನವನಿಗೆ ಕಾಯುತ್ತ ರಸ್ತೆಯ ಆಚೆ ಸಿದ್ದಲಿಂಗಮ್ಮ ನಿಂತಿದ್ದಳು. ಮಾಯಮ್ಮ ಸಾಲು ಬಿಟ್ಟು ಹೋಗಿ ಅವಳ ಕ್ಯಾನಿಗೆ ಕೈ ಹಾಕಿದಳು.

“ತತ್ತಾ ಇಲ್ಲಿ.”

“ಬ್ಯಾಡ ಕಣಕ್ಕ,” ಎಂದು ಸಿದ್ದಲಿಂಗಮ್ಮ ಹಿಂದಕ್ಕೆ ಸರಿದಳು. “ಯಾವ್ ಮಕ ಇಟ್ಕಂಡು ಆಕ್ಲಿ?”

“ಆ ವ್ಯಾನಿನೋನು ರೇಟ್ ಮುರೀತಾನೆ. ಕೂಸಿನ ಪುಸ್ತಕಕ್ಕೆ ಆಯ್ತದೆ, ತತ್ತಾ. ಕಾರ್ಡು ಬೇಕಾಗಿದ್ದು ನಿಮ್ ಭಾವನ್ಗೆ. ಅವ್ರೇ ಓದ್ರು, ಇನ್ಯಾರಿಗೆ ಅದು? ನಂಬರ್ಗೆ ಎಷ್ಟಾದ್ರೂ ಬೀಳ್ಲಿ. ನಾನು ಎಂಗೂ ಸಾವ್ಕಾರ್ತಿ.”

ಮಾಯಮ್ಮ ವಾರಗಿತ್ತಿಯ ಕ್ಯಾನನ್ನು ತಂದು ತನ್ನ ಹಾಲಿನ ಜೊತೆಗೇ ಸುರಿದಳು. ಸೆಕ್ರೆಟ್ರಿ ತಲೆ ಎತ್ತದೆ ಅರವತ್ತೊಂದು ಒತ್ತಿದ. ಮಾಯಮ್ಮ ಚೀಟಿ ಹರಿದುಕೊಂಡು ಖಾಲಿ ಕ್ಯಾನನ್ನು ಸಿದ್ದಲಿಂಗಮ್ಮನ ಕೈಗೆ ಕೊಡುತ್ತ, “ಬಟವಾಡೆ ದಿನ ಅಟ್ಟಿ ತಾವ್ಕೆ ಬಾ,” ಎಂದು ಹೇಳಿ ಮನೆಯ ಕಡೆ ನಡೆದಳು.