ತಾಟು ಬಡಿದು ಕಿವಿ ನೋಡುವವರು

ನಮ್ಮ ಮನೆತನದಲ್ಲಿ ಕೂಸಿನ ಕಿವಿ ಪರೀಕ್ಷಿಸಲು ಒಂದು ಸ್ಟೀಲಿನ ತಾಟು ಮತ್ತು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಸಾಕು. ತಾಟು ಯಾರ ಮನೆಯಲ್ಲಾದರೂ ಸಿಗುತ್ತದೆ. ಮುಖ್ಯೋಪಾಧ್ಯಾಯರು ನಮ್ಮ ಕಾಕಾ, ಅಪ್ಪನ ತಮ್ಮ. ಇರುವುದು ಮುದ್ದೇಬಿಹಾಳದಲ್ಲಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಾವುದೇ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಆಗಿರಬೇಕೆಂದು ತೀರ್ಮಾನಿಸಿಕೊಂಡವರು. ಮೊದಲ ಮಾತನ್ನೂ ಅವರೇ ಆಡುತ್ತಾರೆ. ನಡುವೆ ಎದ್ದು ಹೋಗಿ ಚಹಾ ತರುವ ಅವಕಾಶ ನಮಗಿರುತ್ತದೆ.

ನಾನು ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಸಿಂದಗಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಸಂಜೆ ಮನೆಗೆ ಬಂದರೆ, ಆಧಾರವಿಲ್ಲದ ಮಾತಿನ ಮೇಲೆಯೇ ನನ್ನ ಮಗಳ ಮುಂದಿನ ಬದುಕು ನಿಂತಿತ್ತು.

ಸಂಗತಿ ಇಷ್ಟೇ. ವರ್ಷ ತುಂಬಲು ಬಂದರೂ ಮಗಳು ಅವ್ವಾ ಅನ್ನಲಿಲ್ಲ, ಅಪ್ಪಾ ಅನ್ನಲಿಲ್ಲ. ಮೊದಲು ಗಿಲಗಿಲ ಸದ್ದು ಮಾಡುತ್ತಿದ್ದವಳು ಬರಬರುತ್ತ ಅದನ್ನೂ ಕಡಿಮೆ ಮಾಡಿದ್ದಳು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಹೆಂಡತಿಗೆ ಅನುಮಾನ ಬಂತು. ಕಿವಿ ಕೇಳದೆ ಹೋದರೆ ಮಾತೂ ಬರುವುದಿಲ್ಲ, ಹೀಗೆ ಕಳೆದುಹೋದ ತಿಂಗಳುಗಳು ಕೂಸಿಗೆ ಮತ್ತೆ ಸಿಗುವುದಿಲ್ಲ, ಬೇಗ ಪರೀಕ್ಷೆ ಮಾಡಿಸಬೇಕು ಎಂದು ಅವಳು ಹೇಳತೊಡಗಿದಳು. ನಮ್ಮವರ ಉತ್ತರ ಸಿದ್ಧವಿತ್ತು: "ಅವರಪ್ಪನೂ ತಡಾನ ಮಾತಾಡ್ಯಾನ."

ಅವರಪ್ಪ ಎಂದರೆ ನಾನು. ನಾನು ಮಾತು ಕಲಿತದ್ದು ತಡವಾಗಿ ಎಂಬ ಕತೆ ನಮ್ಮ ಮನೆಯಲ್ಲಿ ಅದೆಷ್ಟು ಸಲ ಹೇಳಲ್ಪಟ್ಟಿದೆಯೆಂದರೆ ಅದನ್ನು ಯಾರೂ ಈಗ ಕತೆ ಎಂದು ತಿಳಿಯುವುದಿಲ್ಲ. ಅವ್ವನ ಪ್ರಕಾರ ನನ್ನನ್ನು ಶಾಲೆಗೆ ಹಾಕುವ ಸ್ವಲ್ಪ ಮೊದಲು ನಾನು ಬಾಯಿ ಬಿಟ್ಟೆ, ಆಡಿದ ಮೊದಲ ಮಾತು "ಬಸ್". ಕಾಕಾನ ಪ್ರಕಾರ ನಾನು ಶಾಲೆಗೆ ಹೋದ ಮೇಲೆಯೇ ಬಾಯಿ ಬಿಟ್ಟೆ, ಆಡಿದ ಮೊದಲ ಮಾತು "ಕಾಕಾ". ಹೋದ ಸಂತೆಯಲ್ಲಿ ಯಾವ ಕಾಯಿಪಲ್ಲೆ ತಂದೆವೆಂದು ನೆನಪಿಲ್ಲದವರು ನನ್ನ ತೊಟ್ಟಿಲ ಕಾಲದ ನಾಲಗೆಯ ಬಗ್ಗೆ ಇಷ್ಟು ಖಚಿತವಾಗಿದ್ದರು. ಇದರಲ್ಲಿ ನನ್ನ ಸಾಕ್ಷ್ಯಕ್ಕೆ ಬೆಲೆಯಿಲ್ಲ, ಏಕೆಂದರೆ ನನಗೆ ಏನೂ ನೆನಪಿಲ್ಲ. ನೆನಪಿಲ್ಲವೆಂದು ಒಪ್ಪಿಕೊಳ್ಳುವವನ ಮಾತನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ.

ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಹೆಂಡತಿಗೆ ಮೊದಲು ಅನುಮಾನ ಬಂದ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ: ಬಸವನ ಬಾಗೇವಾಡಿಯ ಅವಳ ತವರುಮನೆ, ಬಿಸಿಲು, ಕೂಸು ಬಾಗಿಲಿಗೆ ಬೆನ್ನು ಮಾಡಿ ಕೂತು ಸೌಟಿನೊಂದಿಗೆ ಆಡುತ್ತಿದೆ. ಅವಳು ಹೆಸರು ಹಿಡಿದು ಕರೆಯುತ್ತ ಒಳಗೆ ಬಂದಳು. ಕೂಸು ಅಲ್ಲಾಡಲಿಲ್ಲ. ಅವಳ ನೆರಳು ಸೌಟಿನ ಮೇಲೆ ಬಿದ್ದಾಗಲೇ ತಿರುಗಿ ನಕ್ಕಿತು. ಇದನ್ನು ಹೆಂಡತಿಗೆ ಹೇಳಿದರೆ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ಅದು ಆದದ್ದು ಬಾಗೇವಾಡಿಯಲ್ಲಲ್ಲ, ಸಿಂದಗಿಯ ನಮ್ಮ ಅಡುಗೆಮನೆಯಲ್ಲಿ. ನಾನು ಆಗ ಅಲ್ಲಿರಲೇ ಇಲ್ಲ. ಹಾಗಾದರೆ ಆ ಬಿಸಿಲು ಯಾರದು? ಅವಳು ಹೇಳಿದ ನಾಲ್ಕು ಮಾತಿಗೆ ನಾನೇ ಮನೆ ಕಟ್ಟಿ ಬಾಗಿಲು ಇಟ್ಟಿರಬೇಕು. ಕಾಕಾನಿಗೂ ನನಗೂ ರಕ್ತಸಂಬಂಧವಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಕಾಕಾ ಮತ್ತು ಕಾಕಿ ಮುದ್ದೇಬಿಹಾಳದಿಂದ ಬಂದರು. ಕೇಕ್ ಕತ್ತರಿಸಿ, ಅದರ ಕೆನೆಯನ್ನು ಕೂಸಿನ ಮೂಗಿಗೆ ಹಚ್ಚಿ, ಅದು ಅತ್ತಾಗ ಎಲ್ಲರೂ ಆನಂದಪಟ್ಟಾದ ಮೇಲೆ ಕಾಕಾ ಕೇಳಿದರು: "ಏನೋ ಪ್ರೊಫೆಸರ್, ಕೂಸಿಗೆ ಕೇಳಂಗಿಲ್ಲಂತ ಸುದ್ದಿ ಹಬ್ಬಿಸಾಕತ್ತೀಯಂತ?"

"ಸುದ್ದಿ ಅಲ್ಲ ಕಾಕಾ. ಒಮ್ಮೆ ತೋರಿಸೋಣಂತ."

"ಯಾರಿಗಿ ತೋರಸ್ತಿ? ನಾ ಇಲ್ಲೇ ಅದೀನಲ್ಲ. ತಾಟ ತರ್ರಿ."

ಅವ್ವ ತಾಟು ತಂದಳು. ಪಡಸಾಲೆಯ ಫರಸಿಗಲ್ಲಿನ ಮೇಲೆ ಮಗಳು ಬಲೂನು ಹಿಡಿದು ಕೂತಿದ್ದಳು. ಕಾಕಾ ಚಪ್ಪಲಿ ಕಳಚಿ, ಉಸಿರು ಬಿಗಿಹಿಡಿದು, ಬೆಕ್ಕಿನ ಹಾಗೆ ಅವಳ ಹಿಂದೆ ಹೋಗಿ ತಾಟನ್ನು ಕಲ್ಲಿನ ಮೇಲೆ ಎತ್ತಿ ಹಾಕಿದರು. ಓಣಿಯ ನಾಯಿ ಬೊಗಳಿತು. ಮಗಳು ಬೆಚ್ಚಿ ತಿರುಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಕೇಳತೈತೋ ಇಲ್ಲೋ? ಈಗ ಹೇಳು. ಇಷ್ಟ ವರ್ಷ ಸಾಲ್ಯಾಗ ಹುಡುಗರನ್ನ ನೋಡೇನಿ. ಕಿವುಡ ಯಾವ, ಕಳ್ಳ ಯಾವ, ಬೆನ್ನ ನೋಡಿ ಹೇಳತೇನಿ."

ಹೆಂಡತಿ ಮಗಳನ್ನು ಎತ್ತಿಕೊಂಡು ಮಂಚದ ಮೇಲೆ, ದಪ್ಪ ಗಾದಿಯ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿದಳು. ಬಲೂನನ್ನೂ ಕೊಟ್ಟಳು. "ಕಾಕಾರೀ, ಈಗ ಬಡೀರಿ. ನೆಲಕ್ಕ ಹಾಕಬ್ಯಾಡ್ರಿ. ಕೈಯಾಗ ಹಿಡಕೊಂಡು ಚಮಚದಲೆ ಬಡೀರಿ."

ಕಾಕಾ ಬಡಿದರು. ಮಗಳು ಬಲೂನು ನೆಕ್ಕುತ್ತಿದ್ದಳು. ಮತ್ತೆ ಬಡಿದರು. ಹೆಸರು ಹಿಡಿದು ಕರೆದರು, ಮುದ್ದಿನಿಂದ ಕರೆದರು, ಹಾಜರಿ ಕರೆಯುವ ಗಡಸು ದನಿಯಲ್ಲಿ ಕರೆದರು. ಮಗಳು ಬಲೂನಿನ ಗಂಟನ್ನು ಪರೀಕ್ಷಿಸತೊಡಗಿದಳು.

"ಫರಸಿ ನಡುಗಿದ್ದಕ್ಕ ಆಗ ತಿರುಗ್ಯಾಳ್ರಿ, ಕೇಳಿ ಅಲ್ಲ," ಎಂದಳು ಹೆಂಡತಿ.

"ಓಹೋ! ಬಾಗೇವಾಡ್ಯಾಗ ಹೆಣ್ಣಮಕ್ಕಳಿಗಿ ಕಿವಿ ಡಾಕ್ಟರಕಿನೂ ಕಲಿಸಿ ಕಳಸತಾರೇನವಾ?"

"ಕೂಸಿಗಿ ಬ್ಯಾಸರಾಗೇತಿ," ಎಂದಳು ಕಾಕಿ. "ಇಲ್ಲಾ ಸೊಕ್ಕು. ಹೆಣ್ಣಲ್ಲೇನು, ಈಗಿಂದನ ಸೊಕ್ಕು."

ಎಲ್ಲರೂ ನಕ್ಕರು. ಆ ನಗುವನ್ನು ನಾನು ಇನ್ನೂ ಹಾಗೇ ಇಟ್ಟುಕೊಂಡಿದ್ದೇನೆ, ಯಾರಿಗೂ ಮಾಫಿ ಮಾಡಿಲ್ಲ. ಕಣ್ಣೆದುರಿಗೆ ಒಂದು ಸಂಗತಿ ರುಜುವಾತಾದಾಗ ಅದನ್ನು ನಗೆಯಿಂದ ಒರೆಸಿಹಾಕುವುದು ನಮ್ಮವರಿಗೆ ನೆಲ ಒರೆಸಿದಷ್ಟೇ ಸಲೀಸು.

ಆಮೇಲೆ ಔಷಧಗಳು ಬಂದವು. ಬಜಿ ಬೇರು ತೇದು ನಾಲಿಗೆಗೆ ಹಚ್ಚಿದರೆ ಮಾತು ತಾನೇ ಬರುತ್ತದೆ ಎಂದಳು ಕಾಕಿ. ಪ್ರಶ್ನೆ ಕಿವಿಯದು, ಉಪಚಾರ ನಾಲಗೆಗೆ. ಕುಲಾಯಿ ಕಟ್ಟಿದ್ದರಿಂದ ಕೇಳುವುದಿಲ್ಲವೇನೋ ಎಂದಳು ಅವ್ವ. ಗಾಳಿ ಹೊಕ್ಕೀತೆಂದು ಬೇಸಿಗೆಯಲ್ಲೂ ಕೂಸಿನ ಕಿವಿ ಮುಚ್ಚಿ ಟೋಪಿ ಬಿಗಿಯುತ್ತಿದ್ದವಳು ಅವಳೇ. ಆ ಹೊತ್ತಿಗೆ ಕೂಸಿನ ತಲೆಯ ಮೇಲೆ ಕೇಕಿನ ಚೂರು ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಅಸಲು ಮಾತು ಹೊರಬಿತ್ತು. ಕಾಕಿ ದನಿ ತಗ್ಗಿಸಿ ಹೇಳಿದಳು: "ದೊಡ್ಡ ದವಾಖಾನಿ ಹತ್ತಿ ಇಳದ್ರ ಮಂದಿ ನೋಡಂಗಿಲ್ಲೇನು? ಕಿವುಡಿ ಅಂತ ಹೆಸರ ಬಿತ್ತಂದ್ರ ಮುಂದ ಯಾರ ಮಾಡ್ಕೋತಾರ?"

ಇನ್ನೂ ಎದ್ದು ನಿಲ್ಲಲು ಬಾರದ ಹುಡುಗಿಗೆ ಇವರು ಗಂಡು ಹುಡುಕುತ್ತಿದ್ದರು. ಯಾವನೋ ಒಬ್ಬ, ಅವನೂ ಆಗ ಎಲ್ಲೋ ತೊಟ್ಟಿಲಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದವನು, ಮುಂದೊಂದು ದಿನ ಬೇಡ ಅಂದಾನೆಂಬ ಭಯಕ್ಕೆ ಅವಳಿಗೆ ಇವತ್ತು ಕೇಳಿಸುವುದು ಬೇಡವಾಗಿತ್ತು.

"ನಾಳಿ ವಿಜಯಪುರಕ್ಕ ಹೋಗತೇನಿ," ಎಂದಳು ಹೆಂಡತಿ. "ಬರಾವ್ರು ಬರ್ರಿ."

ನಾನು ಆಗ ಏನು ಹೇಳಿದೆ? ಕಾಕಾನಿಗೆ ಎದುರು ನಿಂತು ಗಟ್ಟಿಯಾಗಿ ಏನೋ ಅಂದ ಹಾಗೆ ನೆನಪು. ಆ ವಾಕ್ಯ ಎಷ್ಟು ಚೆನ್ನಾಗಿದೆಯೆಂದರೆ, ಅದನ್ನು ನಾನು ಆಮೇಲೆ ಯಾವಾಗಲೋ ಬಸ್ಸಿನಲ್ಲಿ ಕೂತು ರಚಿಸಿರಬೇಕು ಎಂದು ಅನುಮಾನ. ಅದಕ್ಕೇ ಇಲ್ಲಿ ಬರೆಯುವುದಿಲ್ಲ.

ಮರುದಿನ ಕಾಕಾನೂ ಬಂದರು, ನಮ್ಮ ತಪ್ಪನ್ನು ಡಾಕ್ಟರರ ಬಾಯಿಂದಲೇ ಕೇಳಿಸಲು. ದೊಡ್ಡ ದವಾಖಾನೆಯ ಕಿವಿ ಪರೀಕ್ಷೆಗೆ ಕೂಸು ನಿದ್ದೆಯಲ್ಲಿರಬೇಕು. ತಲೆಗೆ ವೈರು ಅಂಟಿಸಿ, ಕಿವಿಯಲ್ಲಿ ಸದ್ದು ಬಿಟ್ಟು, ಅದು ಮೆದುಳಿಗೆ ಮುಟ್ಟುತ್ತದೆಯೇ ಎಂದು ಯಂತ್ರದಲ್ಲಿ ನೋಡುತ್ತಾರೆ. ಹೆಂಡತಿ ಮಗಳನ್ನು ಹೆಗಲಿಗೆ ಹಾಕಿಕೊಂಡು ವರಾಂಡದಲ್ಲಿ ಅಡ್ಡಾಡಿ ಅಡ್ಡಾಡಿ ಮಲಗಿಸಿದಳು. ಕಾಕಾ ಪಕ್ಕದ ಬೆಂಚಿನಲ್ಲಿದ್ದ ಅಪರಿಚಿತರಿಗೆಲ್ಲ ನಾನು ಹೇಗೆ ತಡವಾಗಿ ಮಾತು ಕಲಿತೆ ಎಂದು ವಿವರಿಸುತ್ತಿದ್ದರು. ಒಳಗೆ ಕರೆದಾಗ ಪರೀಕ್ಷೆ ಮಾಡುವ ಡಾಕ್ಟರಮ್ಮನಿಗೂ ಅದನ್ನೇ ಶುರು ಮಾಡಿದರು: "ಮೇಡಂ, ಇವನೂ ಸಣ್ಣಾವ ಇದ್ದಾಗ—"

"ಅಜ್ಜಾರ, ಪರೀಕ್ಷಾ ಇವರದಲ್ರಿ, ಕೂಸಿಂದು," ಎಂದರು ಆಕೆ. "ಹೊರಗ ಕುಂದರ್ರಿ."

ಕಾಕಾನನ್ನು ಯಾರಾದರೂ ಹೊರಗೆ ಕೂರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಖುಷಿಪಡುವ ಹೊತ್ತು ಅದಾಗಿರಲಿಲ್ಲ, ಆದರೂ ಪಟ್ಟೆ.

ಫಲಿತಾಂಶ ಹೀಗಿತ್ತು: ಎರಡೂ ಕಿವಿಗಳಲ್ಲಿ ಕೊರತೆ. ಪೂರಾ ಕೇಳುವುದಿಲ್ಲವೆಂದಲ್ಲ. ದೊಡ್ಡ ಸಪ್ಪಳ ಮುಟ್ಟುತ್ತದೆ, ಮನುಷ್ಯರ ಮಾತು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿಯೂ ಅದನ್ನೇ ಹೇಳಿದರು. ಎರಡು ಕಿವಿಗೂ ಮಷಿನ್ ಹಾಕಬೇಕು, ಎಚ್ಚರವಿದ್ದಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಲೇ ಇರಬೇಕು. ಮಾತು ಬರುತ್ತದೆಯೇ ಎಂದು ಹೆಂಡತಿ ಕೇಳಿದಳು. "ಕೇಳಾಕ ಕಲತ್ರ ಆಡಾಕ ಕಲೀತಾಳ್ರಿ. ಎಷ್ಟು, ಯಾವಾಗ, ಅದನ್ನ ನಾ ಈಗ ಹೇಳಾಂಗಿಲ್ಲ," ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದ ಒಬ್ಬರನ್ನು ಕಂಡು ನನಗೆ ಕೈ ಮುಗಿಯಬೇಕೆನ್ನಿಸಿತು.

ಸಿಂದಗಿಗೆ ಮರಳುವ ಹೊತ್ತಿಗೆ ಇತಿಹಾಸ ಬದಲಾಗಿಹೋಗಿತ್ತು. "ನಾ ನಿನ್ನೆನ ಅಂದಿದ್ದೆ, ತಾಟ ಬಡದಾಗನ ನನಗ ಡೌಟ ಬಂದಿತ್ತು," ಎಂದು ಕಾಕಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಕಾಕಿಗೆ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನವೇ ಸಂಶಯ ಬಂದಿತ್ತಂತೆ, ಬಾಣಂತಿಯ ಮನಸ್ಸು ನೋಯಬಾರದೆಂದು ಸುಮ್ಮನಿದ್ದಳಂತೆ. ಇವರು ಸುಳ್ಳು ಹೇಳುತ್ತಿರಲಿಲ್ಲ. ಅಸಹ್ಯವಾದದ್ದು ಅದೇ. ಪ್ರಮಾಣ ಮಾಡು ಎಂದರೆ ನಿಜವಾಗಿ ನೆನಪಿದೆ ಎಂದೇ ಪ್ರಮಾಣ ಮಾಡುತ್ತಿದ್ದರು. ಸುಳ್ಳುಗಾರನಿಗಾದರೂ ಸತ್ಯ ಯಾವುದೆಂದು ಗೊತ್ತಿರುತ್ತದೆ.

ಮಷಿನ್ ಬಂದ ಮೇಲೆ ಇನ್ನೊಂದು ಸಂಗತಿ ಬಯಲಾಯಿತು. ಕೂಸಿನ ಬಗ್ಗೆ ದಿನವಿಡೀ ಮಾತಾಡುವ ನಮ್ಮ ಮನೆಯಲ್ಲಿ ಕೂಸಿನ ಜೊತೆ ಆಡಲು ಯಾರ ಹತ್ತಿರವೂ ಮಾತಿರಲಿಲ್ಲ. ಎದುರಿಗೆ ಕೂತು ಮಾತಾಡಿಸಿರಿ ಎಂದರೆ ಬಂದವರು "ನನ್ನ ಹೆಸರ ಏನ ಹೇಳು" ಎಂದು ಬಾಯಿಪಾಠ ಕೇಳುವರು, ಉತ್ತರ ಬರದಿದ್ದರೆ ಟೀವಿ ಕಡೆ ತಿರುಗುವರು. ಹೆಂಡತಿ ಮಾತ್ರ ಹಿಟ್ಟು ನಾದುತ್ತ ನಾದುತ್ತಿದ್ದೇನೆಂದು, ನೀರು ಕುದಿಯುತ್ತಿದ್ದರೆ ಕುದಿಯುತ್ತಿದೆಯೆಂದು, ಮಗಳ ಮುಖ ನೋಡಿ ಹೇಳುತ್ತಲೇ ಇದ್ದಳು. ಅವ್ವ ಕೆಲವು ದಿನ ಮುಜುಗರಪಟ್ಟು, ಆಮೇಲೆ ರೊಟ್ಟಿ ಬಡಿಯುತ್ತ ತಾನೂ ಶುರು ಮಾಡಿದಳು. ಮಗಳು ಮೊದಮೊದಲು ಮಷಿನ್ ಕಿತ್ತು ಹಿಟ್ಟಿನ ಡಬ್ಬಿಯಲ್ಲಿ ಎಸೆಯುತ್ತಿದ್ದಳು. ಆಮೇಲೆ ಗಿಲಗಿಲ ಮರಳಿ ಬಂತು. ಒಂದು ದಿನ ಹೆಂಡತಿಯ ಬಾಯಿ ನೋಡುತ್ತ "ಬಾ" ಎಂದಂತಿತ್ತು. ಅದು ಮಾತೋ, ಬರೀ ಸದ್ದೋ, ನಾನು ತೀರ್ಪು ಕೊಡುವುದಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಮುದ್ದೇಬಿಹಾಳದಲ್ಲಿ ಕಾಕಾನ ಹೊಸ ಮನೆಯ ವಾಸ್ತುಶಾಂತಿ. ಊಟವಾದ ಮೇಲೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದರು. ಕಾಕಿ ಮಗಳನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಕೂತವಳೇ ಕೂದಲು ಸವರುವವಳಂತೆ ಕೈ ಆಡಿಸಿ, ಎರಡೂ ಕಿವಿಯ ಮಷಿನ್ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕಾಕಿ, ಅದನ್ನ ತಗೀಬ್ಯಾಡ್ರಿ," ಎಂದೆ.

"ಒಂದ ನಿಮಿಷ ತಡಿಯೋ. ಫೋಟೋದಾಗ ಕಾಯಂ ಉಳಿತೈತಿ, ನಾಳಿ ಮಂದಿ ನೋಡತಾರ."

ಮಗಳು ಮೊದಲು ಕಾಕಿಯ ತುಟಿ ನೋಡಿದಳು. ಆಮೇಲೆ ಒಂದು ಕಿವಿ ಮುಟ್ಟಿಕೊಂಡಳು, ಇನ್ನೊಂದು ಮುಟ್ಟಿಕೊಂಡಳು. ಅವಳ ಮುಖ ಬಿಗಿಯಿತು. ಕಾಕಿಯ ಮುಷ್ಟಿಯ ಮೇಲೆ ಎರಡೂ ಕೈಯಿಂದ ಬಡಿಯತೊಡಗಿದಳು, ಬೆರಳುಗಳನ್ನು ಒಂದೊಂದಾಗಿ ಎಳೆಯತೊಡಗಿದಳು, ಬಗ್ಗಿ ಕಚ್ಚಿದಳು.

"ಅಯ್ಯ ಯವ್ವಾ, ಇದಕ್ಕ ಏನಾಗೇತಿ!"

ಹೆಂಡತಿ ಹಿಂದಿನ ಸಾಲಿನಿಂದ ಇಳಿದು ಬಂದು, ಕಾಕಿಯ ಮುಷ್ಟಿ ಬಿಚ್ಚಿ, ಮಗಳನ್ನು ಎತ್ತಿಕೊಂಡು ಅಲ್ಲೇ ಕ್ಯಾಮರಾದ ಮುಂದೆ ನಿಂತು ಮಷಿನ್ ತೊಡಿಸಿದಳು. ಆ ಹೊತ್ತಿಗೆ ಮಗಳು ಚೀರಿ ಅಳುತ್ತಿದ್ದಳು. ತೊಡಿಸಿದೊಡನೆ ತನ್ನ ಅಳುವೇ ತನಗೆ ಕೇಳಿಸಿ ಗಕ್ಕನೆ ನಿಲ್ಲಿಸಿದಳು. ಸುತ್ತ ನೋಡಿದಳು. ಆಮೇಲೆ ಮತ್ತೆ, ಮೊದಲಿಗಿಂತ ಜೋರಾಗಿ, ಬಾಯಿ ತುಂಬ ಅಳತೊಡಗಿದಳು.

ಸಾಲು ಕೆಡದಂತೆ ಎಲ್ಲರೂ ನಿಂತೇ ಇದ್ದರು. "ಲಗೂನ ಸುಮ್ಮ ಮಾಡ್ರಿ ಆಕಿನ್ನ, ಫೋಟೋದಾವ ಕಾಯಾಕತ್ತಾನ," ಎಂದರು ಕಾಕಾ.

ನಾವಿಬ್ಬರೂ ಅವಳನ್ನು ಸುಮ್ಮನಿರಿಸಲಿಲ್ಲ.